ವಾಷಿಂಗ್ ಮೆಷಿನ್ನಿನ ಟಬ್ ಬಿಚ್ಚಿಸಿ ತೊಳೆಸಿದೆ: ಒಂದು ವರ್ಷ ನೋಡಿ ಬರೆದ ರಿವ್ಯೂ

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಮೊದಲ ಮಹಡಿಯಲ್ಲಿ ಬಾಡಿಗೆ ಮನೆ. ಹಾಲಿನಲ್ಲಿ ಹೊಲಿಗೆ ಮೆಷಿನ್ನು, ಹಿಂದಿನ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ನು. ನಮ್ಮ ಮನೆಗೆ ಅನ್ನ ಹಾಕುವುದು ಇವೆರಡೂ ಸೇರಿಯೇ. ಲೈನಿಂಗ್ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸದೆ ಹೊಲಿದರೆ ಮೊದಲನೇ ಒಗೆತಕ್ಕೇ ಅದು ಕುಗ್ಗಿ, ಮೇಲಿನ ರೇಷ್ಮೆ ಗುಳ್ಳೆ ಎದ್ದ ಹಾಗೆ ನಿಲ್ಲುತ್ತದೆ. ಸೀರೆಯ ಫಾಲ್ಸೂ ಅಷ್ಟೇ. ಮನೆಯ ಬಟ್ಟೆ ಒಂದು ಸಲ, ಲೈನಿಂಗು-ಫಾಲ್ಸು ಇನ್ನೊಂದು ಸಲ ಅಂತ ನನ್ನ 7 ಕೆಜಿಯ ಫ್ರಂಟ್ ಲೋಡ್ ಮೆಷಿನ್ 2019ರಿಂದ ಹಬ್ಬ-ಹುಣ್ಣಿಮೆ ನೋಡದೆ ತಿರುಗುತ್ತಿದೆ.

2024ರ ಆಗಸ್ಟ್‌ನಲ್ಲಿ ನಮ್ಮ ಮುಖ್ಯರಸ್ತೆಯ ಒಂದು ಚಿಕ್ಕ ರಿಪೇರಿ ಅಂಗಡಿಯವರಿಂದ ಅದರ ಟಬ್, ಅಂದರೆ ಬಟ್ಟೆ ತಿರುಗುವ ಡ್ರಮ್ಮಿನ ಸುತ್ತ ಇರುವ ದೊಡ್ಡ ತೊಟ್ಟಿ, ಬಿಚ್ಚಿಸಿ ತೊಳೆಸಿದೆ. ಆ ಸರ್ವೀಸಿನ ಬಗ್ಗೆಯೂ, ಅದಾದ ಮೇಲೆ ಮೆಷಿನ್ನನ್ನು ನಾನೇ ಹೇಗೆ ನೋಡಿಕೊಳ್ಳುತ್ತಿದ್ದೇನೆ ಅನ್ನುವುದರ ಬಗ್ಗೆಯೂ ಬರೆಯುತ್ತಿದ್ದೇನೆ. ಸರ್ವೀಸ್ ಆದ ವಾರಕ್ಕೆ ಯಾವ ಮೆಷಿನ್ನಾದರೂ ಹೊಸದರ ಹಾಗೇ ಕಾಣುತ್ತದೆ. ಅದಕ್ಕೇ ಒಂದು ವರ್ಷ ಕಳೆಯಲಿ ಅಂತ ಕಾದೆ.

ಶುರುವಾಗಿದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ. ಕೈತುಂಬ ಕೆಲಸ. ಹಳೆಯ ಗಿರಾಕಿ ಒಬ್ಬರು ತೆಗೆದುಕೊಂಡು ಹೋಗಿದ್ದ ಬ್ಲೌಸನ್ನು ಕವರಿನಲ್ಲಿಟ್ಟುಕೊಂಡು ವಾಪಸ್ ಬಂದರು. ಅಳತೆ ಸರಿಯಾಗಲಿಲ್ಲವೇನೋ ಅಂದುಕೊಂಡೆ. ಅವರು ಬಾಗಿಲಲ್ಲೇ ನಿಂತು ಸಂಕೋಚದಿಂದ, "ಅಕ್ಕ, ಬೇಜಾರು ಮಾಡ್ಕೋಬೇಡಿ, ಹೊಸ ಬ್ಲೌಸೇ ಯಾಕೋ ಮುಗ್ಗಲು ವಾಸನೆ ಬರ್ತಿದೆ" ಅಂದರು. ತೆಗೆದು ಮೂಗಿಗೆ ಹಿಡಿದೆ. ಹೌದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಎರಡು ದಿನ ಬಕೆಟ್ಟಿನಲ್ಲೇ ಬಿಟ್ಟರೆ ಬರುತ್ತದಲ್ಲ, ಅದೇ ವಾಸನೆ. ತಿರುವಿ ನೋಡಿದರೆ ಕಂಕುಳ ಹತ್ತಿರ ಬಿಳಿ ರುಬಿಯಾ ಲೈನಿಂಗಿನ ಮೇಲೆ ಸಾಸಿವೆಗಿಂತ ಚಿಕ್ಕ ಬೂದುಬಣ್ಣದ ಚುಕ್ಕೆಗಳು. ಉಗುರಿನಿಂದ ಉಜ್ಜಿದರೆ ಕಾಡಿಗೆಯ ಹಾಗೆ ಹರಡಿದವು.

ಆ ರಾತ್ರಿ ಲೈನಿಂಗ್ ಪೂರ್ತಿ ಬಿಚ್ಚಿ ಬೇರೆ ಹಾಕಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಮನಸ್ಸು ತಡೆಯಲಿಲ್ಲ. ಅವರು ಹೇಳಿದರು, ನಾನು ತಿಳಿದುಕೊಂಡೆ. ಹೇಳದೆ ಬೇರೆ ಟೈಲರ್ ನೋಡಿಕೊಂಡವರು ಎಷ್ಟು ಜನವೋ.

ಮೊದಲು ಕರೆಸಿದ್ದು ಮೆಷಿನ್ ಕಂಪನಿಯ ಕಡೆಯ ಸರ್ವೀಸಿನವರನ್ನು. ಹೆಸರು ಬೇಡ. ಬಂದವರು ಬಾಗಿಲು ತೆಗೆದು ಟಾರ್ಚ್ ಹಾಕಿ ಒಂದು ನಿಮಿಷ ನೋಡಿದರು. ಪುಡಿಯ ಮೂರು ಪೊಟ್ಟಣ ಕೈಗಿಟ್ಟು ತಿಂಗಳಿಗೊಂದು ಹಾಕಿ ಅಂದರು. ವರ್ಷದ ಕಾಂಟ್ರಾಕ್ಟ್ ಮಾಡಿಸಿ ಅಂತ ಇನ್ನೂ ಹತ್ತು ನಿಮಿಷ ಹೇಳಿದರು. ಕೆಳಗಿನ ಫಿಲ್ಟರ್ ಬಾಗಿಲನ್ನು ಅವರು ಮುಟ್ಟಲೂ ಇಲ್ಲ. ಅಂಥದ್ದೊಂದು ಅಲ್ಲಿದೆ ಅಂತ ಐದು ವರ್ಷ ಮೆಷಿನ್ ಓಡಿಸಿದ ನನಗೂ ಗೊತ್ತಿರಲಿಲ್ಲ. ಹೇಳಿದ ಹಾಗೆ ಒಂದು ಪೊಟ್ಟಣ ಹಾಕಿ ಖಾಲಿ ಮೆಷಿನ್ ತಿರುಗಿಸಿದೆ. ಡ್ರಮ್ಮು ಫಳಫಳ ಹೊಳೆಯಿತು. ನಾಲ್ಕನೇ ದಿನ ಅದೇ ವಾಸನೆ, ಅದೇ ಚುಕ್ಕೆ.

ಆಮೇಲೆ ನನ್ನ ಓವರ್‌ಲಾಕ್ ಮೆಷಿನ್ನಿನ ಮೋಟಾರ್ ಸರಿ ಮಾಡಿಕೊಡುವವರು ಈ ಅಂಗಡಿ ತೋರಿಸಿದರು. ಅಂಗಡಿ ಅಂದರೆ ಹತ್ತಡಿ ಶಟರ್ರು. ಹೊರಗೆ ಹಳೆಯ ಡ್ರಮ್ಮುಗಳು, ಮೊಳೆಗೆ ನೇತುಹಾಕಿದ ಬೆಲ್ಟುಗಳು. ಮೆಕ್ಯಾನಿಕ್ಕಿಗೆ ಮೂವತ್ತರ ಆಸುಪಾಸು, ಹಾವೇರಿ ಕಡೆಯವರು, ಜೊತೆಗೊಬ್ಬ ಹುಡುಗ. ನೋಡಲಿಕ್ಕೆ ಬರುವುದಕ್ಕೆ 300 ರೂಪಾಯಿ, ಕೆಲಸ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಇದನ್ನು ಫೋನಿನಲ್ಲೇ ಬಿಡಿಸಿ ಹೇಳಿದರು.

ಬಂದವರು ಮೊದಲು ಬಾಗಿಲು ತೆಗೆಯಲೇ ಇಲ್ಲ. ನೆಲದ ಮೇಲೆ ಕೂತು, ಮೆಷಿನ್ನಿನ ಬಲಗಡೆ ಕೆಳಮೂಲೆಯ ಚಿಕ್ಕ ಮುಚ್ಚಳ ತೆರೆದು, "ಅಕ್ಕಾರ, ಇದನ್ನ ಯಾವಾಗ ತಗದಿದ್ರಿ?" ಅಂತ ಕೇಳಿದರು. ತೆಗೆದೇ ಇಲ್ಲ ಅಂದೆ. ಒಂದು ಪರಾತ ತರಿಸಿ ಕೆಳಗಿಟ್ಟು, ಮೊದಲು ಸಣ್ಣ ಪೈಪಿನಿಂದ ನಿಂತ ನೀರು ಬಸಿದರು. ಆಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎಳೆದರು. ಅದರ ಜೊತೆ ಮೊಳದುದ್ದ ನೂಲಿನ ಜಡೆ ಬಂತು. ಹೌದು, ಜಡೆಯೇ. ಕೆಂಪು, ಹಸಿರು, ಜರಿ, ಎಲ್ಲ ಬಣ್ಣದ ಎಳೆಗಳು ಕೂದಲಿನ ಜೊತೆ ಹೊಸೆದುಕೊಂಡಿದ್ದವು. ಯಾವ ಎಳೆ ಯಾವ ವರ್ಷದ ಮದುವೆ ಬ್ಲೌಸಿನದು ಅಂತ ಒಂದೆರಡನ್ನು ನಾನು ಗುರುತು ಹಿಡಿಯಬಲ್ಲವಳಾಗಿದ್ದೆ. ಅದರೊಳಗೆ ಹದಿನಾಲ್ಕು ಬ್ಲೌಸ್ ಹುಕ್ಕು, ಒಂದು ಮುರಿದ ಸೂಜಿ, ಐದು ರೂಪಾಯಿಯ ನಾಣ್ಯ. ನೀರು ಹೊರಗೆ ತಳ್ಳುವ ಪಂಪಿನ ಬಾಯಲ್ಲಿ ಇಷ್ಟೆಲ್ಲ ಸಿಕ್ಕಿಕೊಂಡಿದ್ದರೆ ಕೊಳೆ ನೀರು ಪೂರ್ತಿ ಹೋಗುವುದು ಹೇಗೆ? ಮುಂದಿನ ಬಟ್ಟೆ ಅದೇ ನೀರಿನಲ್ಲಿ ಶುರುವಾಗುತ್ತಿತ್ತು.

ನಂತರ ಬಾಗಿಲಿನ ಸುತ್ತಲಿನ ರಬ್ಬರ್ ಮಡಿಕೆಯನ್ನು ಬೆರಳಿನಿಂದ ಹೊರಗೆ ಮಗುಚಿ ತೋರಿಸಿದರು. ಒಳಗೆಲ್ಲ ಕಪ್ಪು ಬೂಷ್ಟು, ಒಂದು ಕಡೆ ಸೀಳು ಬೇರೆ. ಬಹುಶಃ ಹುಕ್ಕಿನದೇ ಕೆಲಸ. ಡ್ರಮ್ಮನ್ನು ಕೈಯಲ್ಲಿ ಜೋರಾಗಿ ತಿರುಗಿಸಿ ಕಿವಿಗೊಟ್ಟರು. "ಬೇರಿಂಗ್ ಛಲೋ ಐತ್ರಿ. ಪೌಡರ್ ಹಾಕಿ ತಿರುಗಿಸಿದ್ರ ಸುಣ್ಣ ಹೋಗತೈತಿ, ಹಿಂದ ಕುಂತ ಲೋಳಿ ಹೋಗಂಗಿಲ್ಲ. ಬಿಚ್ಚಬೇಕ್ರಿ." ನಿಮ್ಮ ಮಾಡೆಲ್ಲಿನ ಟಬ್ಬು ಬೋಲ್ಟ್ ಹಾಕಿ ಜೋಡಿಸಿದ್ದು, ಬಿಚ್ಚಬಹುದು ಅಂತಲೂ ಹೇಳಿದರು. ಇದನ್ನು ಎಲ್ಲರೂ ಮೊದಲೇ ಕೇಳಿಕೊಳ್ಳಬೇಕು. ಎಷ್ಟೋ ಹೊಸ ಮಾಡೆಲ್ಲುಗಳಲ್ಲಿ ಟಬ್ಬಿನ ಎರಡು ಭಾಗವನ್ನು ಬೆಸೆದೇ ಬಿಟ್ಟಿರುತ್ತಾರೆ. ಅದನ್ನು ಬಿಚ್ಚಲು ಬರುವುದಿಲ್ಲ, ಕೊಯ್ಯಬೇಕು.

ಮಾರನೇ ದಿನ ಬೆಳಿಗ್ಗೆ ಬರುತ್ತೇವೆ ಅಂದವರು ಬಂದದ್ದು ಮೂರನೇ ದಿನ. ಹಬ್ಬದ ಕೆಲಸದ ಮಧ್ಯೆ ಈ ಎರಡು ದಿನ ನನಗೆ ತುಂಬ ಕಷ್ಟವಾಯಿತು. ಲೈನಿಂಗನ್ನೆಲ್ಲ ಬಕೆಟ್ಟಿನಲ್ಲಿ ನೆನೆಸಿ ಕೈಯಲ್ಲೇ ಹಿಂಡಿದೆ. ಇದಕ್ಕೆ ಅಂಕ ಕಳೆಯಲೇಬೇಕು.

ಕೆಲಸ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಹತ್ತೂವರೆಗೆ ಶುರು, ಎರಡು ಗಂಟೆಗೆ ಮುಗಿಯಿತು. ಮೇಲಿನ ಮುಚ್ಚಳ, ಸೋಪಿನ ಡಬ್ಬಿ, ಮುಂದಿನ ತಗಡು ತೆಗೆದರು. ಭಾರಕ್ಕೆ ಕೂರಿಸಿದ ಕಾಂಕ್ರೀಟ್ ಗಟ್ಟಿಗಳನ್ನು ಇಬ್ಬರೂ ಹಿಡಿದು ಇಳಿಸಿದರು. ಪ್ರತಿ ಹಂತಕ್ಕೂ ಹುಡುಗ ವೈರಿನ ಜೋಡಣೆಯ ಫೋಟೋ ಹೊಡೆಯುತ್ತಿದ್ದ. ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಿನಲ್ಲಿ ಹಾಕಿಡಲು ನನ್ನ ಗುಂಡಿಯ ಡಬ್ಬಿಯ ಮುಚ್ಚಳಗಳನ್ನೇ ಕೊಟ್ಟೆ. ಕೊನೆಗೆ ಟಬ್ಬನ್ನು ಹೊರಗೆಳೆದು, ಸುತ್ತಲಿನ ಬೋಲ್ಟುಗಳನ್ನು ಸಡಿಲಿಸಿ, ಎರಡು ಹೋಳು ಮಾಡಿದರು.

ಒಳಗಿನದನ್ನು ಹೇಗೆ ಹೇಳಲಿ. ನಾವು ಬಾಗಿಲು ತೆರೆದಾಗ ಕಾಣುವ ಸ್ಟೀಲ್ ಡ್ರಮ್ಮಿನ ಹೊರಮೈ ಮೇಲೆ, ಅದರ ಬೆನ್ನಿಗಿರುವ ಮೂರು ಕೈಯ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ, ಬೆರಳು ಹೂತುಹೋಗುವಷ್ಟು ಬೂದು ಲೋಳೆ. ಮುದ್ದೆ ಮಾಡಿದ ಪಾತ್ರೆಯನ್ನು ನೀರು ಹಾಕಿ ಮರೆತರೆ ಮಾರನೇ ದಿನ ತಳದಲ್ಲಿ ಏಳುತ್ತದಲ್ಲ, ಹಾಗೆ. ಆ ಚೌಕಟ್ಟನ್ನು ಅವರು ಸ್ಪೈಡರ್ ಅನ್ನುತ್ತಾರೆ. ಅದರ ಮೂಲೆಗಳಲ್ಲಿ ಲೋಳೆಯ ಕೆಳಗೆ ಲೋಹವೇ ಚೂರು ಸವೆದು ಗುಳಿ ಬಿದ್ದಿತ್ತು. ನನ್ನ ಬಿಳಿ ರುಬಿಯಾ ಪ್ರತಿ ದಿನ ಇದರಿಂದ ಎರಡು ಬೆರಳು ದೂರದಲ್ಲಿ ತಿರುಗುತ್ತಿತ್ತು.

ಇದು ಎಲ್ಲಿಂದ ಬಂತು ಅಂತ ಕೇಳಿದೆ. ಕೆಲಸ ಮಾಡುತ್ತಲೇ ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಪೌಡರ್ ಜಾಸ್ತಿ. ಅದೂ ಬಕೆಟ್ಟಿಗೆ ಹಾಕುವ, ನೊರೆ ಹೆಚ್ಚು ಬರುವ ಪೌಡರು. ಫ್ರಂಟ್ ಲೋಡಿನಲ್ಲಿ ನೀರು ಕಡಿಮೆ, ಅಷ್ಟು ನೊರೆ ಜಾಲಾಡಿ ಹೋಗುವುದಿಲ್ಲ. ಮೇಲೆ ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡಿಷನರ್ ಜಿಡ್ಡಿನ ಹಾಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಯ ನಾರು, ಮೈಯ ಎಣ್ಣೆ ಅದಕ್ಕೆ ಅಂಟುತ್ತವೆ. ನಾನು ಲೈನಿಂಗಿಗೆ ಯಾವಾಗಲೂ ತಣ್ಣೀರಿನ 15 ನಿಮಿಷದ ಓಟ ಹಾಕುತ್ತಿದ್ದೆ, ಮನೆ ಬಟ್ಟೆಗೆ 40 ಡಿಗ್ರಿ. ಅದಕ್ಕಿಂತ ಬಿಸಿ ಐದು ವರ್ಷದಲ್ಲಿ ಮೆಷಿನ್ ಕಂಡಿರಲಿಲ್ಲ. ಬೂಷ್ಟಿಗೆ, ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಸುಖದ ಮನೆ ಬೇಕಿಲ್ಲ. ಅವರು ಹೇಳದ ಒಂದು ಕಾರಣ ನನಗೇ ಹೊಳೆಯಿತು: ಹೊಸ ಲೈನಿಂಗ್ ಬಟ್ಟೆ ಅಂಗಡಿಯಿಂದ ಬರುವುದೇ ಗಂಜಿ ಹಾಕಿಕೊಂಡು. ಅದನ್ನು ದಿನಾ ಮೆಷಿನ್ನಿಗೇ ಹಾಕಿ ಗಂಜಿ ಬಿಡಿಸುತ್ತಿದ್ದೆ. ಆ ಲೋಳೆಗೆ ಹಿಟ್ಟು ಉಣಿಸುತ್ತಿದ್ದವಳು ನಾನೇ ಅಂತ ತಿಳಿದು ನಿಜಕ್ಕೂ ಸಂಕಟವಾಯಿತು. ಮನೆಯಲ್ಲಿ ಹೊಲಿಯುವ ಅಕ್ಕ-ತಂಗಿಯರು ದಯವಿಟ್ಟು ಇದನ್ನು ಗಮನಿಸಿ. ಹೊಸ ಬಟ್ಟೆಯ ಗಂಜಿಯನ್ನು ಮೊದಲು ಬಕೆಟ್ಟಿನಲ್ಲಿ ಬಿಡಿಸಿ, ಆ ನೀರು ಚೆಲ್ಲಿ, ಆಮೇಲೆ ಮೆಷಿನ್ನಿಗೆ ಹಾಕಿ.

ಟಬ್ಬಿನ ತಳದಲ್ಲಿ ಹೀಟರ್. ಅದು ಕಪ್ಪಗಿರಬೇಕೋ ಬೆಳ್ಳಗಿರಬೇಕೋ ನನಗೆ ಗೊತ್ತಿರಲಿಲ್ಲ, ಆದರೆ ಕೊಳವೆಯ ಮೇಲೆ ಗೋಡೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟಿತ್ತು. ಸ್ಕ್ರೂಡ್ರೈವರ್ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರೆ ಮೊಟ್ಟೆಯ ಸಿಪ್ಪೆಯ ಹಾಗೆ ಕಳಚಿತು. ಒಂದು ಚೂರು ಎತ್ತಿಕೊಂಡೆ. ಉಗುರಿನಗಲ, ಒಂದು ಕಡೆ ನುಣುಪು, ಇನ್ನೊಂದು ಕಡೆ ಉಪ್ಪಿನಕಾಗದದ ಹಾಗೆ ತರಿತರಿ. ಅಡುಗೆಮನೆಗೆ ಹೋಗಿ ಲೋಟದಲ್ಲಿ ನಿಂಬೆರಸ ಹಿಂಡಿ ಅದರಲ್ಲಿ ಹಾಕಿದೆ. ಸಣ್ಣ ಸಣ್ಣ ಗುಳ್ಳೆ ಎದ್ದು ಚೂರಿನ ಸುತ್ತ ಮುತ್ತು ಪೋಣಿಸಿದ ಹಾಗೆ ನಿಂತವು. ಊಟದ ಹೊತ್ತಿಗೆ ಅದು ಅರ್ಧ ಕರಗಿತ್ತು.

ನಮ್ಮ ಅಮ್ಮ ಬಚ್ಚಲ ಹಂಡೆಯ ಒಳಗೆ ಕಟ್ಟಿದ ಸುಣ್ಣವನ್ನು ಹುಣಸೆಹಣ್ಣು ಹಚ್ಚಿ ನೆನೆಯಲು ಬಿಟ್ಟು ಉಜ್ಜುತ್ತಿದ್ದರು. ಹುಳಿಗೆ ಸುಣ್ಣ ಕರಗುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದ ವಿಷಯ. ಅಂಗಡಿಯ ದುಬಾರಿ ಪೊಟ್ಟಣಗಳು ಮಾಡುವ ಮುಖ್ಯ ಕೆಲಸವೂ ಇದೇ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೈಕಾರ್ಬನೇಟ್ ಬಿಸಿಯಾದಾಗ ಸುಣ್ಣವಾಗಿ ಕೂರುತ್ತದೆ. ಹುಳಿ ಅದನ್ನು ಮತ್ತೆ ಕರಗಿಸುತ್ತದೆ.

ನಮ್ಮ ನೀರಿನ ಕಥೆಯನ್ನೂ ಹೇಳಬೇಕು. ನಮ್ಮದು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದು. ಹದಿನೇಳು ವರ್ಷ ನಗರದ ಹೆಸರು ಬಂದರೂ ಕಾವೇರಿ ಬರಲಿಲ್ಲ. ಬೋರಿನ ನೀರೇ ಗತಿ. 2024ರ ಬೇಸಿಗೆಯಲ್ಲಿ ಬೋರೂ ಕೈಕೊಟ್ಟು ಟ್ಯಾಂಕರ್ ಹಾಕಿಸಿಕೊಂಡೆವು. ಟ್ಯಾಂಕರಿನದೂ ಯಾವುದೋ ಬೋರಿನ ನೀರೇ, ಜೊತೆಗೆ ಮರಳು. ಕಟ್ಟಡದ ಮಾಲೀಕರು ಬೋರಿನ ನೀರನ್ನು ಲ್ಯಾಬಿಗೆ ಕೊಟ್ಟಾಗ ಗಡಸುತನ, ಅಂದರೆ ಈ ಕ್ಯಾಲ್ಸಿಯಂ-ಮೆಗ್ನೀಷಿಯಂ ಅಂಶ, ಲೀಟರಿಗೆ 580 ಮಿಲಿಗ್ರಾಂ ಅಂತ ಬಂದಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 200ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಾನು ಬ್ಲೌಸ್ ಬಟ್ಟೆ ಲೆಕ್ಕ ಹಾಕುವ ನೋಟ್‌ಬುಕ್ಕಿನಲ್ಲೇ ಕೂಡಿಸಿ ನೋಡಿದೆ: ಒಂದು ಓಟಕ್ಕೆ 50 ಲೀಟರ್ ಅಂದರೂ 29 ಗ್ರಾಂ ಸುಣ್ಣದಂಶ ಮೆಷಿನ್ನೊಳಗೆ ಹೋಗಿ ಬರುತ್ತದೆ. ಬಹುಪಾಲು ನೀರಿನ ಜೊತೆಯೇ ಆಚೆ ಹೋಗುತ್ತದೆ, ನಿಜ. ಆದರೆ ದಿನಕ್ಕೆರಡು ಓಟ, ಐದು ವರ್ಷ. ಉಳಿದುಕೊಂಡದ್ದು ಹೀಟರಿನ ಮೇಲಿತ್ತು. ಇಲ್ಲೊಂದು ಎಚ್ಚರಿಕೆ: ಫಿಲ್ಟರ್ ಮಾರುವವರು ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಅಂಶ) ಕಡ್ಡಿ ಅದ್ದಿ ತೋರಿಸುವ ಅಂಕಿ ಗಡಸುತನದ ಅಂಕಿ ಅಲ್ಲ. ಅದರಲ್ಲಿ ಎಲ್ಲ ಉಪ್ಪೂ ಸೇರಿರುತ್ತದೆ. ಗಡಸುತನವನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

ಮೆಕ್ಯಾನಿಕ್ ಟಬ್ಬನ್ನು ಬ್ರಷ್ಷು, ಸೋಪಿನ ಬಿಸಿನೀರಿನಲ್ಲೇ ತಿಕ್ಕಿದರು. ಹೀಟರನ್ನು ಸಿಟ್ರಿಕ್ ಆಸಿಡ್ ಕಲಸಿದ ನೀರಿನಲ್ಲಿ ಮುಳುಗಿಸಿಟ್ಟರು. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಬೇಗ ಆಗುವುದಿಲ್ಲವೇ ಅಂತ ನಮ್ಮ ಯಜಮಾನರು ಕೇಳಿದರು. ಅವರು ಸ್ಪೈಡರಿನ ಗುಳಿಯನ್ನು ತೋರಿಸಿ, "ಸಾಹೇಬ್ರ, ಆಸಿಡ್ ಹಾಕಿದ್ರ ಇವತ್ತ ಬೆಳ್ಳಗ ಕಾಣತೈತ್ರಿ. ನಾಳೆ ಈ ಕೈ ಮುರದ್ರ ಮೆಷಿನ್ನ ಗುಜರಿಗೆ" ಅಂದರು. ಆ ಆಸಿಡ್ ಸ್ಟೀಲಿನ ಡ್ರಮ್ಮಿಗೂ ಕೇಡೇ. ಬೇರಿಂಗ್ ಬದಲಿಸಲಿಲ್ಲ, "ಸುಮ್ಮನ ಯಾಕ ರೊಕ್ಕ ಹಾಕ್ತೀರಿ" ಅಂದರು. ಟಬ್ ಬಿಚ್ಚಿದ ಮೇಲೆ ಬೇರಿಂಗಿಗೆ ನೀರು ಇಳಿಯದಂತೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲ್ ಮಾತ್ರ ಹೊಸದು ಹಾಕಲೇಬೇಕು ಅಂತ ಹಾಕಿದರು, ಹಳೆಯದನ್ನು ಕೈಗೆ ಕೊಟ್ಟರು. ನನಗೆ ಗೊತ್ತಾಗದ ಜಾಗದಲ್ಲಿ ಒಂದು ಸಾವಿರದ ಚಿಲ್ಲರೆ ಸೇರಿಸಿಬಿಡುವುದು ಅವರಿಗೆ ಸುಲಭವಿತ್ತು. ಸೇರಿಸಲಿಲ್ಲ. ಇದೊಂದಕ್ಕೇ ಈ ಅಂಗಡಿಗೆ ನನ್ನ ನಮಸ್ಕಾರ.

ಟಬ್ ಕೆಲಸಕ್ಕೆ 2,400, ಬಾಗಿಲಿನ ಹೊಸ ರಬ್ಬರಿಗೆ 1,300, ಸೀಲಿಗೆ 250, ಒಟ್ಟು 3,950 ರೂಪಾಯಿ. ಮೊದಲು ಕೊಟ್ಟ 300 ಇದರಲ್ಲೇ ಸೇರಿತು. ಎರಡು ದಿನ ಬಿಟ್ಟು ಮೆಷಿನ್ನಿನ ಮುಂಭಾಗದಲ್ಲಿ ನೀರು ಜಿನುಗತೊಡಗಿತು. ರಬ್ಬರಿನ ಸುತ್ತ ಹಾಕುವ ಕ್ಲ್ಯಾಂಪ್ ಸರಿಯಾಗಿ ಕೂತಿರಲಿಲ್ಲ. ಫೋನ್ ಮಾಡಿದ ಸಂಜೆಯೇ ಹುಡುಗನ ಜೊತೆ ಬಂದು ಕೂರಿಸಿದರು, ದುಡ್ಡು ಕೇಳಲಿಲ್ಲ. ಆದರೆ ಬಿಲ್ಲಿನ ಚೀಟಿ ಕೊಡುವುದಿಲ್ಲ, ಇಷ್ಟು ದಿನ ಗ್ಯಾರಂಟಿ ಅಂತ ಬರೆದೂ ಕೊಡುವುದಿಲ್ಲ. ಇಷ್ಟು ಚೆನ್ನಾಗಿ ಕೆಲಸ ಬಲ್ಲವರು ಅದೊಂದನ್ನು ಕೊಡಬೇಕು ಅನ್ನುವುದು ನನ್ನ ಪ್ರಾಮಾಣಿಕ ಕೋರಿಕೆ.

ಇನ್ನು ಪುಡಿಗಳ ವಿಷಯ. ಕಂಪನಿಯ ಪೊಟ್ಟಣದಲ್ಲಿ ಉಳಿದ ಎರಡನ್ನು ಆಮೇಲೆ ಬಳಸಿದೆ. ಸುಣ್ಣಕ್ಕೆ ಕೆಲಸ ಮಾಡುತ್ತವೆ, ಸುಳ್ಳಲ್ಲ. ಆನ್‌ಲೈನಿನಲ್ಲಿ ತರಿಸಿದ ಒಂದು ಬಾಟಲಿ ದ್ರವವೂ ನೋಡಿದೆ. ಮಲ್ಲಿಗೆ ವಾಸನೆ ಘಮ್ಮಂತ ಬಂತು, ರಬ್ಬರಿನ ಮಡಿಕೆಯ ಜಿಡ್ಡು ಮಾತ್ರ ಹಾಗೇ ಇತ್ತು. ವಾಸನೆಯನ್ನು ವಾಸನೆಯಿಂದ ಮುಚ್ಚಿದರೆ ನನ್ನಂಥವಳಿಗೆ ಇನ್ನೂ ಅಪಾಯ. ಗಿರಾಕಿ ಮನೆಗೆ ಹೋಗುವ ಹೊತ್ತಿಗೆ ಮಲ್ಲಿಗೆ ಹೋಗಿ ಮುಗ್ಗಲು ಉಳಿದಿರುತ್ತದೆ. ಈಗ ನಾನು ಬಳಸುವುದು ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್. ನಿಂಬೆ ಉಪ್ಪು ಅಂದರೂ ಕೊಡುತ್ತಾರೆ. ನಮ್ಮಲ್ಲಿ ಅರ್ಧ ಕೆಜಿಗೆ 180 ರೂಪಾಯಿ. ತಿಂಗಳಿಗೊಮ್ಮೆ 100 ಗ್ರಾಂ ಡ್ರಮ್ಮಿನೊಳಗೇ ಸುರಿದು, ಬಟ್ಟೆ ಹಾಕದೆ, 60 ಡಿಗ್ರಿಯಲ್ಲಿ ಪೂರ್ತಿ ಓಟ ಓಡಿಸುತ್ತೇನೆ. ಇನ್ನೂ ಬಿಸಿ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಅಂತ ಅನ್ನಿಸಬಹುದು. ಅಲ್ಲ, ತೀರ ಬಿಸಿಯಲ್ಲಿ ಅದು ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ಕೂರುವ ಸಂಭವವಿದೆ. ರಾತ್ರಿಯಿಡೀ ನೆನೆಯಲೂ ಬಿಡುವುದಿಲ್ಲ, ಹುಳಿ ಎಷ್ಟೇ ಸೌಮ್ಯವಾದರೂ ಆ ಅಲ್ಯೂಮಿನಿಯಂ ಕೈಗಳಿಗೆ ಆಗಿಬರುವುದಿಲ್ಲ.

ಇದರ ಜೊತೆ ಬ್ಲೀಚ್ ಸೇರಿಸಲೇಬೇಡಿ. ಹುಳಿ ಮತ್ತು ಬ್ಲೀಚ್ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಚಿಕ್ಕ ಯುಟಿಲಿಟಿಯಲ್ಲಿ ಅದು ಉಸಿರಿಗೆ ಅಪಾಯ. ಬೂಷ್ಟಿಗೆ ಬ್ಲೀಚ್ ಬೇಕೇ ಬೇಕು ಅಂತಿದ್ದರೆ ಬೇರೆ ದಿನ, ನಡುವೆ ಒಂದು ಖಾಲಿ ಓಟ ತೊಳೆದು ಬಳಸಿ. ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಹಾಕುವ ವಿಡಿಯೋಗಳನ್ನೂ ನೋಡಿದ್ದೇನೆ. ಬುಸ್ಸಂತ ನೊರೆ ಬರುತ್ತದೆ, ಆದರೆ ಹುಳಿ ಮತ್ತು ಸೋಡಾ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರು ಮಾತ್ರ.

ಒಂದು ನಷ್ಟ ನಾನೇ ಮಾಡಿಕೊಂಡೆ. ನಮ್ಮ ಯುಟಿಲಿಟಿಯ ಕಟ್ಟೆ ಕಡಪ ಕಲ್ಲಿನದು. ಮೊದಲನೇ ತಿಂಗಳು ಮೆಷಿನ್ನಿನ ಹೊರಪೈಪು ಜಾರಿ ಸಿಟ್ರಿಕ್ ನೀರು ಕಟ್ಟೆಯ ಮೇಲೆ ಹರಿಯಿತು. ಒಣಗಿದ ಮೇಲೆ ಕಪ್ಪು ಕಲ್ಲಿನ ಮೇಲೆ ಬೂದು ಕಲೆ, ಹೊಳಪು ಹೋಯಿತು. ಕಡಪ ಕಲ್ಲೂ ಸುಣ್ಣಕಲ್ಲೇ ಅಲ್ಲವೇ, ಹೀಟರ್ ಮೇಲಿನ ಪದರಕ್ಕಾದದ್ದೇ ಇದಕ್ಕೂ ಆಯಿತು. ಈಗ ಪೈಪನ್ನು ಮೋರಿಯ ತೂತಿಗೆ ಕಟ್ಟಿಯೇ ಶುರು ಮಾಡುತ್ತೇನೆ.

ಉಳಿದದ್ದೆಲ್ಲ ದಿನದ ಅಭ್ಯಾಸ. ಲಿಕ್ವಿಡ್ಡಿಗೆ ಬದಲಾಯಿಸಿದೆ, ಫ್ರಂಟ್ ಲೋಡ್ ಅಂತ ಬರೆದಿರುವುದನ್ನೇ, ಮೊದಲಿನ ಅರ್ಧದಷ್ಟು. ಕಂಡಿಷನರ್ ನಿಲ್ಲಿಸಿದೆ. ವಾರಕ್ಕೊಮ್ಮೆ ಹೊದಿಕೆ, ಟವಲ್ಲುಗಳನ್ನು 60 ಡಿಗ್ರಿಯಲ್ಲೇ ಒಗೆಯುತ್ತೇನೆ, ಬಟ್ಟೆಯ ಜೊತೆ ಮೆಷಿನ್ನಿಗೂ ಬಿಸಿನೀರಿನ ಸ್ನಾನ. ಹದಿನೈದು ದಿನಕ್ಕೊಮ್ಮೆ ಪರಾತ ಇಟ್ಟು ಫಿಲ್ಟರ್ ತೆಗೆಯುತ್ತೇನೆ. ನಲ್ಲಿಯಿಂದ ಬರುವ ಪೈಪಿನ ಬಾಯಲ್ಲಿ ಗುಂಡಿಯಷ್ಟು ಚಿಕ್ಕ ಜಾಲರಿ ಇರುತ್ತದೆ. ಮರಳು ತುಂಬಿ ನೀರು ಏರುವುದು ನಿಧಾನವಾದರೆ ಅದನ್ನು ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಬೇಕು. ಕೊನೆಯ ಓಟ ಮುಗಿದ ಮೇಲೆ ರಬ್ಬರಿನ ಮಡಿಕೆಯನ್ನು ಒರೆಸಿ, ಸೋಪಿನ ಡಬ್ಬಿ ಎಳೆದಿಟ್ಟು, ಬಾಗಿಲು ಅರೆ ತೆರೆದೇ ಬಿಡುತ್ತೇನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾತ್ರ ಹೀಗೆ ಬಿಡುವಾಗ ಯುಟಿಲಿಟಿಯ ಬಾಗಿಲು ಹಾಕಿರಿ. ಹುಕ್ಕಿಟ್ಟ ಬಟ್ಟೆಯೆಲ್ಲ ಈಗ ಜಾಲಿ ಚೀಲದೊಳಗೆ. ಒಂದು ಹಳೆಯ ನೈಲಾನ್ ನೆಟ್‌ನಿಂದ ಆ ಚೀಲಗಳನ್ನು ನಾನೇ ಹೊಲಿದುಕೊಂಡೆ.

ನೀರೂ ಸ್ವಲ್ಪ ಬದಲಾಗಿದೆ. ಬೆಂಗಳೂರಿಗೆ ಕಾವೇರಿ ಕುಡಿಯುವ ನೀರು ತರುವ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ಈ 110 ಹಳ್ಳಿಗಳಿಗಾಗಿಯೇ ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ ಅದು. ನಮ್ಮ ಕಟ್ಟಡಕ್ಕೆ ಸಂಪರ್ಕ ಬಂದದ್ದು 2025ರ ಏಪ್ರಿಲ್‌ನಲ್ಲಿ. ದಿನ ಬಿಟ್ಟು ದಿನ ಬರುತ್ತದೆ, ಸಂಪಿನಲ್ಲಿ ಬೋರಿನ ನೀರಿನ ಜೊತೆ ಬೆರೆಯುತ್ತದೆ. ಆದರೂ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅಷ್ಟೇ ಲಿಕ್ವಿಡ್ಡಿಗೆ ನೊರೆ ಹೆಚ್ಚಾಯಿತು, ಇನ್ನೂ ಕಡಿಮೆ ಮಾಡಿದೆ. ಟವಲ್ಲು ಹಪ್ಪಳದ ಹಾಗೆ ಸೆಟೆಯುವುದು ನಿಂತಿತು. ಸಿಟ್ರಿಕ್ ಓಟವನ್ನು ಈಗ ಎರಡು ತಿಂಗಳಿಗೊಮ್ಮೆ ಮಾಡಿದ್ದೇನೆ. ಮೈಸೂರಿನಲ್ಲೋ ಮಂಡ್ಯದಲ್ಲೋ ನದಿ ನೀರೇ ಬಳಸುವವರಿಗೆ ಬಹುಶಃ ಇಷ್ಟೂ ಬೇಕಾಗುವುದಿಲ್ಲ. ಬೋರನ್ನೇ ನಂಬಿದವರು ತಿಂಗಳು ತಪ್ಪಿಸಬೇಡಿ.

ಎಲ್ಲರೂ ಟಬ್ ಬಿಚ್ಚಿಸಿ ಅಂತ ನಾನು ಹೇಳುವುದಿಲ್ಲ. ಮೆಷಿನ್ ಎರಡು ಮೂರು ವರ್ಷದ್ದಾಗಿ, ವಾಸನೆ ಈಗಷ್ಟೇ ಶುರುವಾಗಿದ್ದರೆ ಮೊದಲು ಫಿಲ್ಟರ್, ರಬ್ಬರ್ ಮಡಿಕೆ, ಸೋಪಿನ ಡಬ್ಬಿ ತೊಳೆದು ಎರಡು ಸಲ ಬಿಸಿ ಓಟ ಹಾಕಿ ನೋಡಿ. ವಾರಂಟಿ ಇದ್ದರೆ ಹೊರಗಿನವರ ಕೈಗೆ ಕೊಡಬೇಡಿ. ಇಷ್ಟಾಗಿಯೂ ಬಟ್ಟೆಯ ಮೇಲೆ ಬೂದು ಚುಕ್ಕೆ ಬೀಳುತ್ತಿದ್ದರೆ ಪುಡಿಗೆ ದುಡ್ಡು ಹಾಕುವುದು ಬಿಟ್ಟು ಬಿಚ್ಚಬಲ್ಲವರನ್ನು ಹುಡುಕಿ, ನಿಮ್ಮ ಮುಂದೆಯೇ ಬಿಚ್ಚಿಸಿ. ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ, ಹೇಳಿದ ದಿನ ಬರದಿದ್ದಕ್ಕೆ, ಚೀಟಿ ಕೊಡದಿದ್ದಕ್ಕೆ ಒಂದು ಕಳೆದು ನಾಲ್ಕು.

ಮೆಷಿನ್ ಶುದ್ಧವಾಗಿದೆಯೋ ಇಲ್ಲವೋ ನೋಡಲು ನನ್ನದೇ ಒಂದು ಕ್ರಮ ಮಾಡಿಕೊಂಡಿದ್ದೇನೆ. ಸಿಟ್ರಿಕ್ ಓಟ ಮುಗಿದ ಮೇಲೆ ಬರೀ ನೀರಿನ ಒಂದು ಓಟ, ಅದರಲ್ಲಿ ಕರ್ಚೀಫಿನಷ್ಟು ಬಿಳಿ ರುಬಿಯಾ ತುಂಡು. ಹಿಂಡಿ, ಕಟಿಂಗ್ ಟೇಬಲ್ಲಿನ ಟ್ಯೂಬ್‌ಲೈಟ್ ಕೆಳಗೆ ಹರಡಿ, ನೂಲು ಎಣಿಸುವ ಹಾಗೆ ನೋಡುತ್ತೇನೆ. ಮೊದಲ ತಿಂಗಳು ಮೂರು ಚುಕ್ಕೆ ಇದ್ದವು, ಎರಡನೇ ತಿಂಗಳು ಒಂದು. ಆಮೇಲೆ ಇಲ್ಲ. 2025ರ ವರಮಹಾಲಕ್ಷ್ಮಿಗೆ ಅದೇ ಗಿರಾಕಿ ಮಗಳದ್ದೂ ಸೇರಿಸಿ ನಾಲ್ಕು ಬ್ಲೌಸ್ ಹೊಲಿಸಿದರು. ಕೊಡುವ ಮೊದಲು ನಾಲ್ಕನ್ನೂ ಒಳಗಡೆ ತಿರುವಿ ಅವರ ಕೈಗೇ ಕೊಟ್ಟೆ. ಅವರು ಮೂಗಿನ ಹತ್ತಿರ ಹಿಡಿದು ನೋಡಿ, ಮಡಿಚಿ ಬ್ಯಾಗಿಗೆ ಹಾಕಿಕೊಂಡರು.